ಪೇಟೆಯಲ್ಲಿ ಎದುರಾಳಿ ಯಾರು? ಹೋಲಿಕೆಯ ಕೋಷ್ಟಕದಿಂದ ತಿಳಿಯುವ ಕ್ರಮ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳಲ್ಲಿ ಮುಂಗಾರಿನ ಈರುಳ್ಳಿಯು ಬಹುಮಟ್ಟಿಗೆ ಭಾದ್ರಪದದಿಂದ ಕಾರ್ತಿಕದವರೆಗೆ ಹೊಲದಿಂದ ಕಿತ್ತು ಪೇಟೆಗೆ ಬರುವುದು ಸರ್ವರಿಗೂ ತಿಳಿದ ಸಂಗತಿಯಾಗಿದೆ. ಆ ತಿಂಗಳುಗಳಲ್ಲಿ ಲಾರಿ ತುಂಬಿಸಿಕೊಂಡು ಬೆಂಗಳೂರಿನ ಯಶವಂತಪುರದ ಪೇಟೆಗೆ ಹೋದ ಒಕ್ಕಲಿಗನು ಧಾರಣೆ ಕುಸಿದುದನ್ನು ಕಂಡು ಬರಿಗೈಯಲ್ಲಿ ಹಿಂದಿರುಗಿದಾಗ ಅದರ ಕಾರಣವನ್ನು ಎರಡೇ ಕಡೆಗಳಲ್ಲಿ ಹುಡುಕುವುದು ವಾಡಿಕೆ. ಒಂದು, ದಲಾಲರ ಕೈಚಳಕ. ಇನ್ನೊಂದು, ನೆರೆಯ ಊರಿನವರೂ ಅದೇ ಬೆಳೆಯನ್ನು ಇಟ್ಟದ್ದು. ಇವೆರಡರಲ್ಲಿಯೂ ಸ್ವಲ್ಪ ನಿಜವಿರಬಹುದು. ಆದರೆ ತನ್ನ ಚೀಲದ ಮಗ್ಗುಲಲ್ಲಿ ಆ ದಿನ ಬೇರೆ ಯಾರ ಚೀಲ ಇಳಿದಿತ್ತು, ಕೊಳ್ಳುವವನು ಅದನ್ನು ಬಿಚ್ಚಿ ನೋಡಿ ಏಕೆ ಮೆಚ್ಚಿದನು ಎಂಬುದನ್ನು ವಿಚಾರಿಸಿ ಬರುವವರು ವಿರಳ. ಎದುರಾಳಿ ಯಾರೆಂಬುದನ್ನೇ ಅರಿಯದೆ ಮುಂದಿನ ವರ್ಷ ಎಷ್ಟು ಎಕರೆ ಬಿತ್ತಬೇಕು, ಉಗ್ರಾಣಕ್ಕೆ ಹಣ ಹಾಕಬೇಕೇ ಬೇಡವೇ ಎಂದು ನಿಶ್ಚಯಿಸುವುದು ಕತ್ತಲಲ್ಲಿ ತೂಕ ಮಾಡಿದಂತಾಗುವುದು.

ಇದನ್ನು ಅರಿಯುವುದಕ್ಕೆ ವ್ಯಾಪಾರಸ್ಥರು ಬಳಸುವ ಒಂದು ಸುಲಭವಾದ ಸಾಧನವುಂಟು. ಅದೇ ಹೋಲಿಕೆಯ ಕೋಷ್ಟಕ. ಒಂದು ಹಾಳೆಯ ಮೇಲೆ ಅಡ್ಡಲಾಗಿ ತನ್ನ ಸರಕನ್ನೂ ಎದುರಾಳಿಗಳ ಸರಕುಗಳನ್ನೂ ಬರೆಯುವುದು. ಉದ್ದಕ್ಕೆ, ಕೊಳ್ಳುವವನು ಯಾವ ಯಾವ ಗುಣಗಳನ್ನು ನೋಡಿ ಬೆಲೆ ಕಟ್ಟುತ್ತಾನೋ ಅವನ್ನು ಒಂದರ ಕೆಳಗೊಂದರಂತೆ ಬರೆಯುವುದು. ಪ್ರತಿ ಗುಣಕ್ಕೂ ಅದರ ಮಹತ್ತ್ವಕ್ಕೆ ತಕ್ಕ ತೂಕವನ್ನು ಕೊಟ್ಟು, ಪ್ರತಿ ಸರಕಿಗೂ ಒಂದರಿಂದ ಐದರವರೆಗೆ ಅಂಕವನ್ನು ಹಾಕಿ, ತೂಕದಿಂದ ಅಂಕವನ್ನು ಗುಣಿಸಿ ಕೂಡಿಸುವುದು. ಮಗ್ಗಿ ಬಲ್ಲ ಯಾರಾದರೂ ಮಾಡಬಹುದಾದ ಲೆಕ್ಕವಿದು.

ಹೆಸರು ಹೊಸದಾದರೂ ರೀತಿಯು ಈ ಸೀಮೆಗೆ ಹೊಸದಲ್ಲ. 1953ನೆಯ ಇಸವಿಯ ಅಕ್ಟೋಬರಿನಲ್ಲಿ ಮೈಸೂರು ರಾಜ್ಯವನ್ನು ಸೇರುವುದಕ್ಕೆ ಮುಂಚೆ ಬಳ್ಳಾರಿ ಜಿಲ್ಲೆಯು ಮದ್ರಾಸಿಗೆ ಸೇರಿದ್ದಾಗ, ಇಲ್ಲಿಯ ಹತ್ತಿಯು ‘ವೆಸ್ಟರ್ನ್ಸ್’ ಎಂಬ ಹೆಸರಿನಿಂದಲೂ, ನಂದ್ಯಾಲದ ಕಡೆಯ ಹತ್ತಿಯು ‘ನಾರ್ದರ್ನ್ಸ್’ ಎಂಬ ಹೆಸರಿನಿಂದಲೂ ವ್ಯಾಪಾರದಲ್ಲಿ ನಡೆಯುತ್ತಿದ್ದವು. ಹತ್ತಿಯನ್ನು ಕೊಳ್ಳುವವರು ಎಳೆಯ ಉದ್ದ, ಬಣ್ಣ, ಕಸದ ಪ್ರಮಾಣ ಇವನ್ನು ಪಕ್ಕಪಕ್ಕದಲ್ಲಿಟ್ಟು ಬೆಲೆ ಕಟ್ಟುವರು. ಎಂದರೆ ಕೊಳ್ಳುವವನ ಕೈಯಲ್ಲಿ ಕೋಷ್ಟಕ ಯಾವಾಗಲೂ ಇದ್ದೇ ಇದೆ. ಮಾರುವವನ ಕೈಯಲ್ಲಿ ಮಾತ್ರ ಇಲ್ಲ.

ಕೋಷ್ಟಕವನ್ನು ಬರೆಯಲು ಕುಳಿತಾಗ ಮೊದಲು ಏಳುವ ಪ್ರಶ್ನೆ, ಎದುರಾಳಿಗಳೆಂದು ಯಾರನ್ನು ಬರೆಯಬೇಕೆಂಬುದು. ಕೊಟ್ಟೂರಿನವರನ್ನು ಕೇಳಿದರೆ ಕೂಡ್ಲಿಗಿಯವರೆನ್ನುತ್ತಾರೆ. ಕೂಡ್ಲಿಗಿಯವರನ್ನು ಕೇಳಿದರೆ ಚಳ್ಳಕೆರೆಯ ಕಡೆಗೆ ಕೈ ತೋರುತ್ತಾರೆ. ಇದು ಸರಿಯಲ್ಲ. ಈ ಊರುಗಳ ಗಡ್ಡೆಯೆಲ್ಲವೂ ಒಂದೇ ಮಳೆಯಲ್ಲಿ ಬೆಳೆದು, ಒಂದೇ ಕಾಲದಲ್ಲಿ ಕಿತ್ತು, ಒಂದೇ ರೀತಿ ಚೀಲಕ್ಕೆ ತುಂಬಿದ್ದಾದುದರಿಂದ ಕೊಳ್ಳುವವನ ಕಣ್ಣಿಗೆ ಅವು ಒಂದೇ ಸರಕು. ನಿಜವಾದ ಎದುರಾಳಿಯು ಸಾವಿರ ಕಿಲೋಮೀಟರಿನ ಆಸುಪಾಸಿನಿಂದ ಬಂದಿಳಿಯುವ ನಾಸಿಕದ ಈರುಳ್ಳಿ. ನಮ್ಮ ದೇಶದಲ್ಲಿ ಬೆಳೆಯುವ ಈರುಳ್ಳಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಿಂಗಾರಿನದು. ನಾಸಿಕ ಜಿಲ್ಲೆಯವರು ಅದನ್ನು ಮಾರ್ಚಿಯಿಂದ ಮೇ ತಿಂಗಳವರೆಗೆ ಕಿತ್ತು, ಗಾಳಿಯಾಡುವಂತೆ ಕಟ್ಟಿದ ‘ಕಾಂದಾ ಚಾಳ’ಗಳಲ್ಲಿ ನಾಲ್ಕಾರು ತಿಂಗಳು ಇಟ್ಟು, ಲಾಸಲಗಾಂವಿಯೇ ಮೊದಲಾದ ಪೇಟೆಗಳ ಮೂಲಕ ಸ್ವಲ್ಪ ಸ್ವಲ್ಪವಾಗಿ ಹೊರಬಿಡುತ್ತಾರೆ. ಇಲ್ಲಿಯ ಹಸಿ ಗಡ್ಡೆ ಪೇಟೆಗೆ ಬರುವ ಹೊತ್ತಿಗೆ ಅಲ್ಲಿಯ ಒಣಗಿದ ಹಳೆಯ ಗಡ್ಡೆಯು ಅಲ್ಲಿಯೇ ಕಾದು ಕುಳಿತಿರುತ್ತದೆ. ಇದರ ಜೊತೆಗೆ ಕರ್ನೂಲಿನ ಮುಂಗಾರು ಬೆಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನೊಬ್ಬ ಎದುರಾಳಿಯೂ ಇರುವುದುಂಟು. ಅದು ಸರ್ಕಾರದ ದಾಸ್ತಾನು. ಬೆಲೆ ಏರಿದಾಗ ಪಟ್ಟಣವಾಸಿಗಳಿಗೆ ಅನುಕೂಲವಾಗಲೆಂದು ಕೇಂದ್ರ ಸರ್ಕಾರವು ಹಿಂಗಾರಿನ ಈರುಳ್ಳಿಯನ್ನು ಕೊಂಡಿಟ್ಟು ಹೊರಬಿಡುತ್ತದೆ. 2023ರಲ್ಲಿ ಈ ದಾಸ್ತಾನಿನ ಗುರಿಯನ್ನು 3 ಲಕ್ಷ ಟನ್ನುಗಳಿಂದ 5 ಲಕ್ಷ ಟನ್ನುಗಳಿಗೆ ಏರಿಸಲಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ರಫ್ತಿನ ಮೇಲೆ ನೂರಕ್ಕೆ 40ರಂತೆ ಸುಂಕವನ್ನು ವಿಧಿಸಲಾಯಿತು. ಡಿಸೆಂಬರಿನಲ್ಲಿ ರಫ್ತನ್ನೇ ನಿಷೇಧಿಸಿ, 2024ರ ಮೇ ತಿಂಗಳಿನಲ್ಲಿ ತೆರವು ಮಾಡಲಾಯಿತು. ರಫ್ತು ನಿಂತಾಗ ಹಡಗು ಹತ್ತಬೇಕಾದ ನಾಸಿಕದ ಗಡ್ಡೆಯು ಒಳನಾಡಿನ ಪೇಟೆಗಳಿಗೇ ತಿರುಗುವುದರಿಂದ, ಹರಪನಹಳ್ಳಿಯ ಒಕ್ಕಲಿಗನ ಎದುರಾಳಿಯು ರಾತ್ರಿ ಬೆಳಗಾಗುವುದರೊಳಗೆ ಬಲಿತುಬಿಡುತ್ತಾನೆ. ಇಂತಹ ಆಜ್ಞೆಗಳನ್ನು ಅಂಕಗಳಲ್ಲಿ ಹಿಡಿದಿಡಲಾಗದು. ಹಾಳೆಯ ಅಂಚಿನಲ್ಲಿ ದಿನಾಂಕಸಹಿತವಾಗಿ ಗುರುತು ಮಾಡಿಕೊಳ್ಳತಕ್ಕದ್ದು.

ಎರಡನೆಯದು, ಗುಣಗಳ ಆಯ್ಕೆ. ಎಲ್ಲಕ್ಕಿಂತ ಹೆಚ್ಚಿನ ತಪ್ಪು ನಡೆಯುವುದು ಇಲ್ಲಿಯೇ. ಬೆಳೆದವನಿಗೆ ಹೆಮ್ಮೆ ತರುವ ಗುಣ ಬೇರೆ, ಕೊಳ್ಳುವವನು ಹಣ ಕೊಡುವ ಗುಣ ಬೇರೆ. ಎಕರೆಗೆ ಎಷ್ಟು ಚೀಲ ಬಂತು, ಎಷ್ಟು ಗೊಬ್ಬರ ಹಾಕಿದೆ, ತಂದೆಯ ಕಾಲದಿಂದ ಈ ಹೊಲದ ಹೆಸರೇನು ಎಂಬುವು ಕೊಳ್ಳುವವನ ಮನಸ್ಸಿನಲ್ಲಿ ಇರುವುದೇ ಇಲ್ಲ. ಆದಕಾರಣ ಕೋಷ್ಟಕದ ಸಾಲುಗಳನ್ನು ಊರಿನ ಕಟ್ಟೆಯ ಮೇಲೆ ಕುಳಿತು ಬರೆಯದೆ ಪೇಟೆಯಲ್ಲಿ ನಿಂತು ಬರೆಯಬೇಕು. ಕೊಳ್ಳುವವರಲ್ಲಿ ಇಬ್ಬರು ಮೂವರನ್ನು ಬೇರೆ ಬೇರೆಯಾಗಿ ವಿಚಾರಿಸುವುದು ಒಳ್ಳೆಯದು. ಅವರಲ್ಲಿ ಒಬ್ಬನಾದರೂ ಹಿಂದೆ ನಮ್ಮ ಸರಕನ್ನು ಕೊಳ್ಳುತ್ತಿದ್ದು ಈಗ ಬಿಟ್ಟವನಾಗಿರಬೇಕು. ಬಿಟ್ಟವನ ಬಾಯಲ್ಲಿ ಬರುವಷ್ಟು ನಿಜವು ಕೊಳ್ಳುತ್ತಿರುವವನ ಬಾಯಲ್ಲಿ ಬರುವುದಿಲ್ಲ.

ಧಾರಣೆಯನ್ನೇ ಒಂದು ಸಾಲಾಗಿ ಬರೆಯುವವರುಂಟು. ಅದೂ ಕೂಡದು. ಸಗಟು ಪೇಟೆಯಲ್ಲಿ ಧಾರಣೆಯೆಂಬುದು ಉಳಿದ ಗುಣಗಳನ್ನೆಲ್ಲ ಕೂಡಿಸಿ ಕೊಳ್ಳುವವನು ಕೊಡುವ ಉತ್ತರ. ಉತ್ತರವನ್ನೇ ಲೆಕ್ಕದೊಳಕ್ಕೆ ಸೇರಿಸಿದರೆ ಅದೇ ಎರಡು ಸಲ ಎಣಿಸಿದಂತಾಯಿತು. ಹಾಗೆಯೇ ಗಡ್ಡೆಯ ಒಣಗಿದ ಹದವನ್ನು ಒಂದು ಸಾಲಿನಲ್ಲಿಯೂ ಬಾಳಿಕೆಯನ್ನು ಇನ್ನೊಂದು ಸಾಲಿನಲ್ಲಿಯೂ ಬರೆದರೆ ಒಂದೇ ಗುಣಕ್ಕೆ ಇಮ್ಮಡಿ ತೂಕ ಬಿದ್ದುಹೋಗುವುದು. ಐದಾರು ಸಾಲುಗಳಿಗಿಂತ ಹೆಚ್ಚು ಬರೆಯುವುದು ಅನಗತ್ಯ.

ದೃಷ್ಟಾಂತಕ್ಕಾಗಿ ಕೆಳಗೆ ಒಂದು ಕೋಷ್ಟಕವನ್ನು ಕೊಟ್ಟಿದೆ. ಕೊಳ್ಳುವವನು ಬೆಂಗಳೂರಿನ ಸಗಟು ವ್ಯಾಪಾರಿ, ಕಾಲ ಅಕ್ಟೋಬರ್. ತೂಕಗಳ ಮೊತ್ತವನ್ನು 20 ಎಂದಿಟ್ಟುಕೊಂಡರೆ ಅತ್ಯಧಿಕ ಮೊತ್ತವು 100 ಆಗುವುದರಿಂದ ನೋಡಲು ಸುಲಭ. ಇಲ್ಲಿಯ ಅಂಕಗಳು ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಹಾಕಿದವು. ಓದುವವರು ತಮ್ಮ ತಮ್ಮ ವಿಚಾರಣೆಯಿಂದ ತಿಳಿದ ಅಂಕಗಳನ್ನು ಹಾಕಿಕೊಳ್ಳಬೇಕು.

| ಗುಣ | ತೂಕ | ಐದು ತಾಲೂಕುಗಳದು | ನಾಸಿಕದ ದಾಸ್ತಾನು | ಕರ್ನೂಲಿನದು |
|---|---|---|---|---|
| ಒಣಗಿದ ಹದ ಮತ್ತು ಬಾಳಿಕೆ | 6 | 2 | 4 | 2 |
| ಗಾತ್ರದ ಸಮತೆ | 4 | 2 | 4 | 3 |
| ಪೇಟೆ ಮುಟ್ಟಿಸುವ ಖರ್ಚಿನ ಅನುಕೂಲ | 4 | 4 | 2 | 3 |
| ತಪ್ಪದೆ ಬರುವ ಸರಬರಾಜು | 3 | 2 | 5 | 3 |
| ಚೀಲದ ಮೇಲಿನ ನಂಬಿಕೆ | 3 | 2 | 4 | 3 |
| ಮೊತ್ತ | 20 | 48 | 75 | 54 |

ಚೀಲದ ಮೇಲಿನ ನಂಬಿಕೆಯೆಂದರೆ, ಬಾಯಿ ಬಿಚ್ಚಿದಾಗ ಮೇಲೆ ಕಂಡ ಗಡ್ಡೆಯೇ ತಳದಲ್ಲಿಯೂ ಇರುವುದು. ಮೇಲೆ ದಪ್ಪ ಗಡ್ಡೆಯನ್ನು ಜೋಡಿಸಿ ಕೆಳಗೆ ಸಣ್ಣದನ್ನೂ ಜೋಡುಗಡ್ಡೆಯನ್ನೂ ತುಂಬುವ ಅಭ್ಯಾಸವು ಒಂದು ದಿನದ ಲಾಭವನ್ನು ತಂದರೂ, ಆ ಊರಿನ ಚೀಲವೆಲ್ಲಕ್ಕೂ ಮಾರನೆಯ ವಾರದಿಂದ ತೂಕದಲ್ಲಿ ಕಳೆಯುವ ಪದ್ಧತಿಗೆ ದಾರಿಮಾಡಿಕೊಡುತ್ತದೆ. ತಪ್ಪು ಮಾಡಿದವನು ಒಬ್ಬ. ದಂಡ ತೆರುವವರು ಊರಿನವರೆಲ್ಲರು.

ಈಗ 48 ಮತ್ತು 75ರ ಅಂತರವನ್ನು ನೋಡಿ ಎದೆಗುಂದಬೇಕಾದುದಿಲ್ಲ. ಮೊತ್ತವನ್ನು ಬಿಟ್ಟು ಸಾಲು ಸಾಲಾಗಿ ಓದುವುದೇ ಕೋಷ್ಟಕದ ಪ್ರಯೋಜನ. 27 ಅಂಕಗಳ ಕೊರತೆಯು ಎಲ್ಲಿಂದ ಬಂತು? ಬಾಳಿಕೆಯಲ್ಲಿ 12, ಗಾತ್ರದಲ್ಲಿ 8, ಸರಬರಾಜಿನಲ್ಲಿ 9, ಚೀಲದ ನಂಬಿಕೆಯಲ್ಲಿ 6, ಒಟ್ಟು 35. ಸಾಗಣೆಯ ಖರ್ಚಿನಲ್ಲಿ ನಮ್ಮವರಿಗೆ 8ರ ಲಾಭವಿರುವುದರಿಂದ ಕಳೆದು ಉಳಿದದ್ದು 27. ಇವುಗಳಲ್ಲಿ ಯಾವುದನ್ನು ತಿದ್ದಬಹುದು, ಯಾವುದನ್ನು ತಿದ್ದಲಾಗದು ಎಂಬುದನ್ನು ಇನ್ನು ವಿಂಗಡಿಸಬೇಕು.

ಬಾಳಿಕೆಯ ಸಾಲು ಗಟ್ಟಿಯಾದದ್ದು. ಮಳೆಗಾಲದ ಕೊನೆಯಲ್ಲಿ ಕೀಳುವ ಗಡ್ಡೆಯಲ್ಲಿ ನೀರಿನಂಶ ಹೆಚ್ಚು, ಕತ್ತು ದಪ್ಪ, ನಾಸಿಕದವರ ಹಾಗೆ ನಾಲ್ಕು ತಿಂಗಳು ಇಡುತ್ತೇವೆಂದು ಚಾಳ ಕಟ್ಟಿದರೆ ಕೊಳೆತದ್ದನ್ನು ಹೊರಹಾಕುವ ಕೂಲಿಯೇ ಮೇಲೆ ಬೀಳುತ್ತದೆ. ಸಾಲ ಮಾಡಿ ಉಗ್ರಾಣ ಕಟ್ಟಿಸುವ ಉತ್ಸಾಹವುಳ್ಳವರು ಈ ಸಾಲನ್ನು ಎರಡು ಸಲ ಓದುವುದು ಒಳ್ಳೆಯದು. ಹಿಂಗಾರಿನಲ್ಲಿ ನೀರಾವರಿಯಿಂದ ಬೆಳೆದ ಗಡ್ಡೆಯ ಮಾತು ಬೇರೆ. ಆದರೂ ಕೀಳುವುದಕ್ಕೆ ಹತ್ತು ದಿನ ಮುಂಚೆ ನೀರು ನಿಲ್ಲಿಸಿ, ಕಿತ್ತ ಮೇಲೆ ಮಳೆಗೆ ಸಿಕ್ಕದಂತೆ ನೆರಳಿನಲ್ಲಿ ತೆಳುವಾಗಿ ಹರಡಿ, ಕತ್ತು ಸಂಪೂರ್ಣವಾಗಿ ಬಾಡಿದ ಮೇಲೆ ಎರಡು ಸೆಂಟಿಮೀಟರಿನಷ್ಟು ತೊಟ್ಟು ಬಿಟ್ಟು ಕೊಯ್ದರೆ, 2 ಇದ್ದ ಅಂಕವು 3ಕ್ಕೆ ಏರಬಹುದು. ಅದಕ್ಕಿಂತ ಹೆಚ್ಚನ್ನು ಆಶಿಸಬಾರದು.

ಗಾತ್ರದ ಸಾಲೂ ಚೀಲದ ನಂಬಿಕೆಯ ಸಾಲೂ ಹಾಗಲ್ಲ. ದಪ್ಪ, ಮಧ್ಯಮ, ಸಣ್ಣ ಎಂದು ಮೂರು ದರ್ಜೆ ಮಾಡಿ ಬೇರೆ ಬೇರೆ ಚೀಲಕ್ಕೆ ತುಂಬುವುದಕ್ಕೆ ಬೇಕಾದುದು ಕೂಲಿಯೂ ಊರಿನವರ ಒಮ್ಮತವೂ ಮಾತ್ರ. ಇವೆರಡನ್ನೂ 2ರಿಂದ 4ಕ್ಕೆ ಏರಿಸಲು ಬರುತ್ತದೆ. ಸರಬರಾಜಿನ ಸಾಲು ಒಬ್ಬನಿಂದ ಆಗತಕ್ಕದ್ದಲ್ಲ. ಐದಾರು ಊರಿನವರು ಕೂಡಿ, ಎಲ್ಲರೂ ಒಂದೇ ವಾರ ಕೀಳದಂತೆ ಬಿತ್ತನೆಯನ್ನೇ ಹದಿನೈದು ದಿನಗಳ ಅಂತರದಲ್ಲಿ ಮಾಡಿ, ವಾರಕ್ಕೆ ಇಷ್ಟು ಲಾರಿಯೆಂದು ಗೊತ್ತುಮಾಡಿಕೊಂಡರೆ 2 ಇದ್ದದ್ದು 3 ಆದೀತು. ಹೀಗೆಲ್ಲ ಮಾಡಿದ ಮೇಲೆ ಮೊತ್ತವು 18, 16, 16, 9, 12 ಸೇರಿ 71 ಆಗುವುದು. ಕರ್ನೂಲನ್ನು ಹಿಂದೆ ಹಾಕಿದ್ದಾಯಿತು. ನಾಸಿಕವಿನ್ನೂ ಮುಂದೆಯೇ ಇದೆ.

ಹಾಗಾದರೆ ಇಷ್ಟೆಲ್ಲ ಶ್ರಮವು ವ್ಯರ್ಥವೇ? ಅಲ್ಲ. ಕೊಳ್ಳುವವನನ್ನು ಬದಲಾಯಿಸಿ ಅದೇ ಕೋಷ್ಟಕವನ್ನು ಇನ್ನೊಮ್ಮೆ ಬರೆದು ನೋಡಬೇಕು. ಹೊಸಪೇಟೆಯಲ್ಲಿಯೋ ದಾವಣಗೆರೆಯಲ್ಲಿಯೋ ಇರುವ ಚಿಲ್ಲರೆ ವ್ಯಾಪಾರಿಯು ತಂದದ್ದನ್ನು ಎರಡು ಮೂರು ದಿನಗಳಲ್ಲಿ ಮಾರಿ ಮುಗಿಸುತ್ತಾನೆ. ಅವನಿಗೆ ಬಾಳಿಕೆಯು ಅಷ್ಟು ಮುಖ್ಯವಲ್ಲ. ಸಾಗಣೆಯ ಖರ್ಚೇ ಮುಖ್ಯ. ಅವನ ತೂಕಗಳನ್ನು ಮೇಲಿನ ಕ್ರಮದಲ್ಲಿಯೇ 2, 3, 8, 4, 3 ಎಂದಿಟ್ಟುಕೊಳ್ಳಬಹುದು. ದಾರಿ ಹತ್ತಿರವಾದುದರಿಂದ ಖರ್ಚಿನ ಸಾಲಿನಲ್ಲಿ ನಮ್ಮವರಿಗೆ 5, ನಾಸಿಕಕ್ಕೆ 3, ಕರ್ನೂಲಿಗೆ 4 ಕೊಟ್ಟು, ಉಳಿದ ಅಂಕಗಳನ್ನು ಹಾಗೆಯೇ ಇಟ್ಟರೆ ನಮ್ಮವರಿಗೆ 64, ನಾಸಿಕಕ್ಕೆ 76, ಕರ್ನೂಲಿಗೆ 66 ಬರುತ್ತವೆ. ಹತ್ತಿರದ ಪೇಟೆಯಲ್ಲಿಯೂ ಮೂರನೆಯ ಸ್ಥಾನವೇ! ಸಮೀಪದ ಊರೆಂಬ ಒಂದೇ ಬಲವು ಸಾಲದೆಂಬುದು ಇದರಿಂದ ಗೊತ್ತಾಗುವುದು. ಆದರೆ ಒಣಗಿಸುವಿಕೆ, ದರ್ಜೆ, ಚೀಲ, ಸರಬರಾಜು ಇವನ್ನು ಮೇಲೆ ಹೇಳಿದಂತೆ ತಿದ್ದಿದ ಪಕ್ಷದಲ್ಲಿ 6, 12, 40, 12, 12 ಸೇರಿ 82 ಆಗಿ, ನಾಸಿಕದ 76ನ್ನು ಮೀರುತ್ತದೆ. ಬೆಂಗಳೂರಿನಲ್ಲಿ ಗೆಲ್ಲಲಾರದ ಅದೇ ಗಡ್ಡೆಯು, ಅದೇ ಶ್ರಮದಿಂದ, ಮನೆಯ ಹತ್ತಿರದ ಪೇಟೆಯಲ್ಲಿ ಗೆಲ್ಲುತ್ತದೆ. ಸಣ್ಣ ಪೇಟೆಯು ಎಷ್ಟು ಲಾರಿಯನ್ನು ನುಂಗಬಲ್ಲದು ಎಂಬುದನ್ನು ಮಾತ್ರ ಮರೆಯಬಾರದು. ಊರಿನ ಈರುಳ್ಳಿಯನ್ನೆಲ್ಲ ಒಂದೇ ವಾರ ಅಲ್ಲಿಗೆ ಸುರಿದರೆ ಯಾವ ಕೋಷ್ಟಕವೂ ಕಾಪಾಡದು.

ಅಂಕಗಳಿಗೆ ಆಧಾರವೇನೆಂದು ಕೇಳಬಹುದು. ದಲಾಲರು ಕೊಡುವ ಪಟ್ಟಿಗಳಲ್ಲಿ ತೂಕದಿಂದ ಕಳೆದದ್ದು, ಹಮಾಲಿ, ಬಾಡಿಗೆ ಇವೆಲ್ಲ ಬರೆದಿರುತ್ತವೆ. ಮೂರು ವರ್ಷಗಳ ಪಟ್ಟಿಗಳನ್ನು ಜೋಡಿಸಿಟ್ಟರೆ ಅರ್ಧ ಕೋಷ್ಟಕ ತಾನಾಗಿ ತುಂಬುವುದು. ಆವಕವೂ ಧಾರಣೆಯೂ ಪೇಟೆವಾರು, ದಿನವಾರಾಗಿ ರಾಜ್ಯದ ‘ಕೃಷಿ ಮಾರಾಟ ವಾಹಿನಿ’ಯಲ್ಲಿಯೂ ಕೇಂದ್ರದ ‘ಅಗ್‌ಮಾರ್ಕ್‌ನೆಟ್’ನಲ್ಲಿಯೂ ಸಿಕ್ಕುತ್ತವೆ, ಮೊಬೈಲ್ ಫೋನುಳ್ಳ ಮಗನೋ ಮೊಮ್ಮಗನೋ ಕ್ಷಣಮಾತ್ರದಲ್ಲಿ ತೆಗೆದುಕೊಟ್ಟಾನು. ಅಂಕ ಹಾಕುವಾಗ ಇಬ್ಬರು ಬೇರೆ ಬೇರೆಯಾಗಿ ಕುಳಿತು ಹಾಕಿ, ಆಮೇಲೆ ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡುವುದು ಉತ್ತಮ. ಯಾವ ಸಾಲಿನಲ್ಲಿ ಇಬ್ಬರಿಗೂ ಎರಡು ಅಂಕಗಳಿಗೆ ಮೀರಿದ ವ್ಯತ್ಯಾಸ ಬಂದಿದೆಯೋ ಅಲ್ಲಿ ಇಬ್ಬರಿಗೂ ಸರಿಯಾಗಿ ತಿಳಿದಿಲ್ಲವೆಂದು ಅರ್ಥ, ಮತ್ತೆ ವಿಚಾರಿಸಬೇಕು. ತೂಕಗಳನ್ನೂ ಅಲುಗಿಸಿ ನೋಡತಕ್ಕದ್ದು. ಒಂದು ಸಾಲಿನಿಂದ ಒಂದನ್ನು ತೆಗೆದು ಇನ್ನೊಂದಕ್ಕೆ ಸೇರಿಸಿದ ಮಾತ್ರಕ್ಕೆ ಮೊದಲಿನವನು ಎರಡನೆಯವನಾದರೆ ಅಂತಹ ಮೊತ್ತವನ್ನು ನಂಬಿ ಹಣ ಹೂಡಬಾರದು.

ಕೂಡಿಸುವ ಲೆಕ್ಕವು ಕೈಕೊಡುವ ಸಂದರ್ಭವೊಂದುಂಟು. ಅದನ್ನು ಹಡಗಲಿಯ ಮಲ್ಲಿಗೆಯಿಂದ ತಿಳಿಯಬಹುದು. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಯ ಹೂವು ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹಂಪಿಗೆ ಹೋಗುತ್ತಿದ್ದುದರಿಂದಲೇ ಊರಿಗೆ ಹೂವಿನಹಡಗಲಿಯೆಂದು ಹೆಸರಾಯಿತೆಂಬ ಪ್ರತೀತಿಯಿದೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳಂತೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಗುರುತಿನ ನೋಂದಣಿ ದೊರೆತಿದೆ. ಈ ಕಾರಣದಿಂದ ಉಡುಪಿಯ ಮಲ್ಲಿಗೆಯನ್ನೇ ಎದುರಾಳಿಯೆಂದು ಬಗೆಯುವವರಿದ್ದಾರೆ. ಶಂಕರಪುರದ ಸುತ್ತ ಬೆಳೆಯುವ ಆ ಹೂವನ್ನು ಬಾಳೆನಾರಿನಲ್ಲಿ ಕಟ್ಟಿ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಿಂದ ಕರಾವಳಿಯಲ್ಲಿಯೂ ಮುಂಬಯಿಯಲ್ಲಿಯೂ ಮಾರುತ್ತಾರೆ. ದಿನದ ಧಾರಣೆಯನ್ನು ಅಲ್ಲಿಯೇ ಗೊತ್ತುಮಾಡುತ್ತಾರೆ. ಹಡಗಲಿಯ ಹೂವು ಹೋಗುವ ಪೇಟೆಗೂ ಅದಕ್ಕೂ ಸಂಬಂಧವಿಲ್ಲ. ದಾವಣಗೆರೆಯ ಹೂವಿನ ಪೇಟೆಯಲ್ಲಿ ಹಡಗಲಿಯ ಮಲ್ಲಿಗೆಗೆ ಎದುರಾಗಿ ನಿಲ್ಲುವುವು ಕನಕಾಂಬರ, ಕಾಕಡ, ಹಬ್ಬದ ದಿನಗಳಲ್ಲಿ ಸೇವಂತಿಗೆ. ಜಾತಿ ಬೇರೆಯಾದರೂ ಕೊಳ್ಳುವವಳು ಮುಡಿಗೆಂದೇ ಕೊಳ್ಳುವುದರಿಂದ ಅವೇ ನಿಜವಾದ ಎದುರಾಳಿಗಳು.

ಇವನ್ನು ಕೋಷ್ಟಕದಲ್ಲಿಟ್ಟು ಕಂಪಿಗೆ 5, ಬಿಳುಪಿಗೆ 5, ಹೆಸರಿಗೆ 5 ಎಂದು ಹಾಕುತ್ತ ಹೋದರೆ ಮಲ್ಲಿಗೆಯ ಮೊತ್ತವೇ ಎಲ್ಲಕ್ಕಿಂತ ಮೇಲಾಗುತ್ತದೆ. ಆದರೆ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳ ಮೇಲೆ ಹರಿಹರಕ್ಕೆ ಹೋಗುವ ರೈಲುಹಾದಿಯು ಹಡಗಲಿಯನ್ನು ಮುಟ್ಟುವುದಿಲ್ಲ. ಹೂವು ರಸ್ತೆಯಲ್ಲಿಯೇ ಹೋಗಬೇಕು. ಬೆಳಗಿನ ಬಸ್ಸು ತಪ್ಪಿದರೆ ಮೊಗ್ಗು ದಾರಿಯಲ್ಲಿಯೇ ಅರಳಿ ಬಾಡಲು ತೊಡಗುತ್ತದೆ. ಅರಳಿದ ಹೂವಿಗೆ ಕಂಪಿನ 5 ಅಂಕವಿದ್ದು ಫಲವೇನು? ಕನಕಾಂಬರಕ್ಕೆ ಕಂಪಿಲ್ಲದಿದ್ದರೂ ಅದು ಮಾರನೆಯ ದಿನದವರೆಗೆ ತಡೆಯುತ್ತದೆ, ಅದಕ್ಕಾಗಿಯೇ ಗೆಲ್ಲುತ್ತದೆ. ಹೀಗೆ ಯಾವ ಗುಣವಿಲ್ಲದಿದ್ದರೆ ಕೊಳ್ಳುವವನು ಕಣ್ಣೆತ್ತಿಯೂ ನೋಡುವುದಿಲ್ಲವೋ ಅದನ್ನು ತೂಕದ ಸಾಲುಗಳಲ್ಲಿ ಸೇರಿಸದೆ ಕೋಷ್ಟಕದ ತಲೆಯ ಮೇಲೆ ಪ್ರತ್ಯೇಕವಾಗಿ ಬರೆದು, ‘ಉಂಟು’ ಅಥವಾ ‘ಇಲ್ಲ’ ಎಂದಷ್ಟೇ ಗುರುತಿಸಬೇಕು. ‘ಇಲ್ಲ’ ಎಂದು ಬಿದ್ದರೆ ಮುಂದಿನ ಲೆಕ್ಕವನ್ನು ಮಾಡುವುದೇ ಬೇಡ. ಮೊದಲು ಗಾಡಿಯನ್ನು ಗೊತ್ತುಮಾಡಬೇಕು. ನೋಂದಣಿಯ ಕೀರ್ತಿಗೂ ಇದೇ ಮಾತು. ಪೇಟೆಯಲ್ಲಿ ಆ ಹೆಸರಿಗಾಗಿ ಒಂದು ರೂಪಾಯಿಯಾದರೂ ಹೆಚ್ಚಾಗಿ ಸಿಕ್ಕುತ್ತಿದ್ದರೆ ಅಂಕವನ್ನು ಕೊಡಬಹುದು; ಇಲ್ಲವಾದರೆ ಅದು ಊರಿನ ಅಭಿಮಾನ ಮಾತ್ರ.

ಮೆಕ್ಕೆಜೋಳಕ್ಕೆ ಈ ಕೋಷ್ಟಕದಿಂದ ಹೆಚ್ಚಿನ ಉಪಯೋಗವಿಲ್ಲ. ಹರಪನಹಳ್ಳಿಯ ಕಡೆ ಅದನ್ನೇ ಹೆಚ್ಚಾಗಿ ಬೆಳೆಯುವವರಿಗೆ ಎದುರಾಳಿಗಳೂ ಬಹಳ, ಸರಕಿನಲ್ಲಿ ವ್ಯತ್ಯಾಸವೂ ಕಡಿಮೆ. ತೇವಾಂಶವೊಂದನ್ನು ಹದಕ್ಕೆ ತಂದು ತೂಕದ ಚೀಟಿಯನ್ನು ಸರಿಯಾಗಿ ನೋಡಿಕೊಂಡರೆ ಸಾಕು. ಶೇಂಗಾ, ಹುಣಸೆಹಣ್ಣುಗಳಲ್ಲಿ ದರ್ಜೆಯ ಭೇದವು ಬೆಲೆಯಲ್ಲಿ ಕಾಣುವುದರಿಂದ ಅವಕ್ಕೆ ಇದೇ ಕ್ರಮವನ್ನು ಅನುಸರಿಸಬಹುದು. ಕೂಡ್ಲಿಗಿಯ ಹುಣಸೆಯಲ್ಲಿ ಬೀಜ ಮತ್ತು ನಾರು ತೆಗೆದದ್ದು, ಬಣ್ಣ, ಒಣಗಿದ ಹದ ಇವು ಮೂರೇ ಸಾಲುಗಳಾದರೂ ಕೆಲಸ ನಡೆಯುತ್ತದೆ.

ಈರುಳ್ಳಿಯ ಕೋಷ್ಟಕವನ್ನು ವರ್ಷಕ್ಕೆ ಎರಡು ಸಲ ಬರೆಯಬೇಕು: ಬೀಜ ಕೊಳ್ಳುವುದಕ್ಕೆ ಮುಂಚೆ ಜ್ಯೇಷ್ಠದಲ್ಲಿ ಒಮ್ಮೆ, ಕೀಳುವುದಕ್ಕೆ ಹದಿನೈದು ದಿನ ಮುಂಚೆ ಇನ್ನೊಮ್ಮೆ. ಮೊದಲಿನದು ಎಷ್ಟು ಎಕರೆ ಎಂಬುದಕ್ಕೂ, ಎರಡನೆಯದು ಯಾವ ಪೇಟೆಯೆಂಬುದಕ್ಕೂ ಆಧಾರವಾಗುವುದು. ಹಾಳೆಯ ತಲೆಯಲ್ಲಿ ದಿನಾಂಕ, ಪೇಟೆಯ ಹೆಸರು, ವಿಚಾರಿಸಿದ್ದು ಎಂತಹ ಕೊಳ್ಳುವವನನ್ನು ಎಂಬುವನ್ನು ಬರೆದು, ಆ ಸಾಲಿನ ದಲಾಲರ ಪಟ್ಟಿಗಳನ್ನು ಅದೇ ಹಾಳೆಗೆ ಹೊಲಿದು ಇಡುವುದು. ಬೇಸಾಯಗಾರರ ಸಂಘವಿರುವ ಊರುಗಳಲ್ಲಿ ಕಾರ್ಯದರ್ಶಿಯ ಬಳಿಯಲ್ಲಿಯೂ ಒಂದು ಪ್ರತಿಯಿರಲಿ. ದಾವಣಗೆರೆಗೆ ಎಷ್ಟು ಲಾರಿ, ಬೆಂಗಳೂರಿಗೆ ಎಷ್ಟು ಲಾರಿ ಎಂದು ಹಂಚುವ ದಿನ ಅದನ್ನು ಎಲ್ಲರ ಮುಂದೆ ಬಿಚ್ಚಿ ಓದತಕ್ಕದ್ದು.